ಹೆಸರು ಮುಚ್ಚಿ ಓದಿದ ಬರಹ

ಅಧ್ಯಕ್ಷತೆ ವಹಿಸಿರುವ ನಮ್ಮ ಊರಿನ ಗ್ರಂಥಪಾಲಕಿ ಬಿರ್ಥೆ ಅವರೇ, ಇಂದಿನ ಸನ್ಮಾನಕ್ಕೆಂದು ಬಂದು ಮೊದಲ ಸಾಲಿನಲ್ಲಿ ಇನ್ನೂ ಕೋಟು ಬಿಚ್ಚದೆ ಕುಳಿತಿರುವ ಅಂಕಣಕಾರ ಆಸ್ಗರ್ ಲುಂಡ್‌ಹೋಲ್ಮ್ ಅವರೇ, ನಮ್ಮ ಗುರುವಾರದ ಓದುಕೂಟದ ಜೊತೆಗಾರರಾದ ವೆರ್ನರ್ ಹಾಗೂ ಓಸೆ ಅವರೇ, ಪುರಸಭೆಯಿಂದ ದಯಮಾಡಿಸಿರುವ ಮಹನೀಯರೇ, ಹಿಂದಿನ ಸಾಲುಗಳಲ್ಲಿ ಕುಳಿತು ಕಾಫಿ ಯಾವಾಗ ಎಂದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿರುವ ಸ್ಟೆನ್‌ವಿಗ್‌ನ ನನ್ನ ಪ್ರೀತಿಯ ಸಭಿಕರೇ,

ಮಂಗಳವಾರ ನನಗೊಂದು ಕೆಟ್ಟ ಕನಸು ಬಿತ್ತು. ಇದೇ ಸಭಾಂಗಣ, ಇವೇ ಕುರ್ಚಿಗಳು. ನೀವೆಲ್ಲರೂ ಹೀಗೆಯೇ ಕುಳಿತಿದ್ದಿರಿ. ಆದರೆ ಪ್ರತಿಯೊಬ್ಬರ ಮುಖಕ್ಕೂ ಕಂದು ಕಾಗದದ ಪಟ್ಟಿ ಅಂಟಿಸಿತ್ತು. ಗೋಂದಿನ ಸೀಸೆ ನನ್ನ ಕೈಯಲ್ಲಿಯೇ ಇತ್ತು, ಆದ್ದರಿಂದ ಅಂಟಿಸಿದವಳು ಯಾರು ಎಂಬುದರಲ್ಲಿ ಅನುಮಾನವಿರಲಿಲ್ಲ. "ಎಲ್ನಾ, ಇವರಲ್ಲಿ ನಿನ್ನ ಕಡೆಯವರು ಯಾರು, ಬೇಗ ಹೇಳು" ಎಂದು ಯಾರೋ ಹಿಂದಿನಿಂದ ಕೇಳಿದರು. ಒಬ್ಬೊಬ್ಬರ ಕೆಮ್ಮು ಕೇಳಿಸಿಕೊಂಡು ನಾನು ಹೇಳಬೇಕಿತ್ತು. ಯಾರೂ ಕೆಮ್ಮಲಿಲ್ಲ. ನೀವು ಇಷ್ಟು ಜನ ಸೇರಿದ ಕಡೆ ಒಬ್ಬರೂ ಕೆಮ್ಮುವುದಿಲ್ಲವೆಂದರೆ ಅದು ಕನಸೇ ಆಗಿರಬೇಕು ಎಂದು ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಬೆವತು ಎದ್ದೆ.

ನಾನು ಚಿಂತೆ ಹಚ್ಚಿಕೊಳ್ಳುವ ಹೆಂಗಸು ಎಂಬುದು ನಿಮಗೆಲ್ಲ ಗೊತ್ತು. ಒಲೆ ಆರಿಸಿದ್ದೇನೆಯೇ ಎಂದು ಅಂಗಡಿಯಿಂದ ಎರಡು ಸಲ ವಾಪಸು ಹೋಗುವವಳು ನಾನು. ಭಾಷಣ ಮಾಡಿ ಅಭ್ಯಾಸವೂ ಇಲ್ಲ. ಬದುಕಿನಲ್ಲಿ ಇದು ಎರಡನೆಯ ಭಾಷಣ, ಮೊದಲನೆಯದರ ವಿಷಯ ಈಗ ಬೇಡ. ಓದಿದ್ದು ಏಳು ವರ್ಷ ಎಂದು ಪ್ರಮಾಣಪತ್ರ ಹೇಳುತ್ತದೆ. ಅದರಲ್ಲಿ ಆಲೂಗಡ್ಡೆ ಕೀಳುವ ತಿಂಗಳು, ಬೀಟ್‌ಗೆಡ್ಡೆಯ ಕಳೆ ತೆಗೆಯುವ ತಿಂಗಳು, ಅಮ್ಮ ಎದೆನೋವೆಂದು ಮಲಗಿದ ಒಂದು ಇಡೀ ಚಳಿಗಾಲ, ಇವನ್ನು ಕಳೆದರೆ ನಾಲ್ಕೂವರೆ ಉಳಿಯುತ್ತದೆ. ಹೀಗಿರುವಾಗ ಅಂಕಣಕಾರರನ್ನು ಆರಿಸುವ ಕೂಟದಲ್ಲಿ ನನಗೇನು ಕೆಲಸ? ನೀವು ಕೇಳುವುದಿಲ್ಲ, ನೀವು ಸಭ್ಯರು. ನಾನೇ ಕೇಳಿಕೊಳ್ಳುತ್ತೇನೆ.

ನನ್ನ ಕೆಲಸ ಕತ್ತರಿಸುವುದು ಮತ್ತು ಅಂಟಿಸುವುದು. ಹಂದಿ ಮಾಂಸದ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಮೂವತ್ತೊಂದು ವರ್ಷ ಮಾಡಿದ್ದೂ ಅದನ್ನೇ.

ನಮ್ಮ ಊರಿಗೆ ಒಂದು ಕಾಲದಲ್ಲಿ ನಾಲ್ಕು ಪತ್ರಿಕೆಗಳಿದ್ದವು. ಐದು ಸಾವಿರ ಜನ, ನಾಲ್ಕು ಪತ್ರಿಕೆ! ರೈತರ ಪಕ್ಷಕ್ಕೊಂದು, ವರ್ತಕರ ಪಕ್ಷಕ್ಕೊಂದು, ಮೇಷ್ಟ್ರುಗಳು ಓದುವ ಪಕ್ಷಕ್ಕೊಂದು, ಕಾರ್ಮಿಕರಾದ ನಮಗೊಂದು. ಯಾವ ಮನೆಗೆ ಯಾವ ಪತ್ರಿಕೆ ಎಂಬುದು ಅಂಚೆಯವನಿಗೆ ಬಾಯಿಪಾಠ. ನಮ್ಮಪ್ಪ ನಮ್ಮ ಪತ್ರಿಕೆಯನ್ನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಪಕ್ಕದ ಮನೆಯ ಪತ್ರಿಕೆ ತಪ್ಪಿ ನಮ್ಮ ಡಬ್ಬಿಗೆ ಬಿದ್ದರೆ ಎರಡು ಬೆರಳಲ್ಲಿ ತುದಿ ಹಿಡಿದು, ಸತ್ತ ಇಲಿಯನ್ನು ಹಿಡಿದಂತೆ, ಒಯ್ದು ಕೊಟ್ಟು ಬಂದು ಕೈ ತೊಳೆಯುತ್ತಿದ್ದರು. ಹೆರಿಂಗ್ ಮೀನು ಕಟ್ಟಲು ಮಾತ್ರ ಎದುರಿನವರ ಪತ್ರಿಕೆ ಒಳ್ಳೆಯದು ಎಂದು ಅಮ್ಮ ಹೇಳುತ್ತಿದ್ದರು. ಒಂದೊಂದಾಗಿ ಆ ನಾಲ್ಕೂ ಸತ್ತವು. ಆದರೆ ಪತ್ರಿಕೆ ಸತ್ತರೆ ಪಕ್ಷ ಸಾಯುತ್ತದೆಯೇ? ಇವತ್ತಿಗೂ ಈ ಸಭೆಯಲ್ಲಿ ನೀವು ಕುಳಿತಿರುವ ಸಾಲು ನೋಡಿದರೆ ನಿಮ್ಮ ಅಜ್ಜಂದಿರು ಓದುತ್ತಿದ್ದ ಪತ್ರಿಕೆ ಯಾವುದೆಂದು ಹೇಳಬಲ್ಲೆ.

ಹನ್ನೊಂದು ವರ್ಷದ ಹಿಂದೆ ಬಿರ್ಥೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಓದುಕೂಟ ಶುರು ಮಾಡಿದರು. ನಾಲ್ಕು ಪತ್ರಿಕೆಗಳ ನಾಲ್ಕು ಮಕ್ಕಳು ನಾವು. ಬಿರ್ಥೆ ಮೇಷ್ಟ್ರ ಮಗಳು. ಕಬ್ಬಿಣದ ಅಂಗಡಿಯ ವೆರ್ನರ್ ವರ್ತಕರ ಕಡೆ. ಓಸೆ ಅರವತ್ತು ಹಸುಗಳ ಮನೆಯವಳು, ರೈತರ ಕಡೆ. ನಾನು ಕಾರ್ಮಿಕರ ಕಡೆ. ಗ್ರಂಥಾಲಯಕ್ಕೆ ಈಗ ಹೊರಗಿನಿಂದ ಬರುವ ನಾಲ್ಕೂ ಕಡೆಯ ಪತ್ರಿಕೆಗಳು ವಾರ ಹಳೆಯವಾದ ಮೇಲೆ ನನ್ನ ಕೈಗೆ ಬರುತ್ತವೆ. ನಾನು ಅಭಿಪ್ರಾಯದ ಬರಹಗಳನ್ನು ಕತ್ತರಿಸುತ್ತೇನೆ. ಮೇಲೆ ಪತ್ರಿಕೆಯ ಹೆಸರಿಗೊಂದು ಪಟ್ಟಿ, ಕೆಳಗೆ ಬರೆದವರ ಹೆಸರಿಗೊಂದು ಪಟ್ಟಿ ಅಂಟಿಸುತ್ತೇನೆ. ನನಗೂ ಗೊತ್ತಾಗಬಾರದೆಂದು ಕನ್ನಡಕ ತೆಗೆದಿಟ್ಟೇ ಈ ಕೆಲಸ. ಗುರುವಾರ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಇದು ಯಾರ ಕಡೆಯದೆಂದು ಹೇಳಬೇಕು. ಆಮೇಲೆ ಕೆಳಗಿನ ಪಟ್ಟಿ ಬಿಚ್ಚಿ ಹೆಸರು ನೋಡುತ್ತೇವೆ. ಸರಿಯಾಗಿ ಹೇಳಿದ್ದರೆ ಆ ಬರಹ ಬುಟ್ಟಿಗೆ. ತನ್ನ ಕಡೆಯವರು ಹೇಳುವುದನ್ನೇ ಹೇಳುವವನಿಗೆ ಒಂದು ಕಾಲಂ ಯಾಕೆ ಬೇಕು? ಮೂವರೂ ತಪ್ಪು ಹೇಳಿದ್ದರೆ ಮಾತ್ರ ತೆಗೆದಿಟ್ಟು ಮತ್ತೆ ಓದುತ್ತೇವೆ. ತನ್ನ ಕಡೆಯವರ ಮುಖ ನೋಡಿಯೂ ತನಗೆ ಕಂಡದ್ದನ್ನು ಹೇಳಿದ ಬರಹವೆಂದು ಖಾತ್ರಿಯಾದರೆ ಅದು ಬಿಸ್ಕತ್ತಿನ ಡಬ್ಬಿಗೆ.

ಬಹಳ ಕಷ್ಟದ ಕೆಲಸ, ಸಭಿಕರೇ. ವೆರ್ನರ್‌ಗೆ ಏಳು ಪದ ಸಾಕು. ಒಮ್ಮೆ ಓಸೆ ಕೀಟಲೆಗೆಂದು ಹವಾಮಾನ ವರದಿ ಓದಿದಳು.

"ರೈತರದು" ಅಂದ ವೆರ್ನರ್, ಕಣ್ಣು ಮುಚ್ಚಿಕೊಂಡೇ.

"ಅದು ಹೆಂಗೋ ಹೇಳ್ತೀಯ?"

"ಮಳೆ ಬಂದ್ರೂ ಸಾಲ್ದು ಅಂತ ಅಳ್ತಿದೆ ನೋಡು."

ಪಟ್ಟಿ ಬಿಚ್ಚಿದರೆ ನಿಜ! ರೈತರ ಪತ್ರಿಕೆಯೇ.

ತನ್ನವರನ್ನು ಬೈದರೆ ಸಾಕೇ? ಸಾಲದು. ಸಣ್ಣ ವಿಷಯಕ್ಕೆ ತನ್ನವರನ್ನು ಚೆನ್ನಾಗಿ ಬೈದು, ಧೈರ್ಯವಂತನೆಂದು ಹೆಸರು ಮಾಡಿ, ದೊಡ್ಡ ವಿಷಯ ಬಂದಾಗ ಸಾಲಿನಲ್ಲಿ ಹೋಗಿ ನಿಲ್ಲುವವರು ಇದ್ದಾರೆ. ನಮ್ಮ ಡಬ್ಬಿಯಲ್ಲಿ ಅಂಥವರದು ಎರಡಿತ್ತು, ಆಮೇಲೆ ತೆಗೆದು ಹಾಕಿದೆವು. ಮೂರು ವರ್ಷದ ಹಿಂದೆ ಒಬ್ಬರನ್ನು ಆರಿಸಿದ್ದೆವು. ಪತ್ರ ಹೋಗುವಷ್ಟರಲ್ಲಿ ಅವರು ಆ ಕಡೆಯ ಪಕ್ಷದಿಂದ ಚುನಾವಣೆಗೆ ನಿಂತಿದ್ದರು. ಒಂದು ಬೇಲಿ ಬಿಟ್ಟು ಇನ್ನೊಂದು ಬೇಲಿಯೊಳಗೆ ಹೋದವರಿಗೆ ಹೊಸಬರ ಚಪ್ಪಾಳೆ ಇದ್ದೇ ಇರುತ್ತದೆ, ನಮ್ಮದೇಕೆ? ಎಲ್ಲರನ್ನೂ ಬೈಯುವವರ ವಿಷಯ ಹೇಳುವುದೇ ಬೇಡ, ಅವರಿಗೆ ಹೊಟ್ಟೆ ಸರಿ ಇರುವುದಿಲ್ಲ ಎಂದು ಓಸೆಯ ಅಭಿಪ್ರಾಯ. ಹೀಗೆ ಹನ್ನೊಂದು ವರ್ಷದಲ್ಲಿ ಡಬ್ಬಿಯಲ್ಲಿ ಉಳಿದದ್ದು ಹದಿನಾಲ್ಕು ಬರಹ. ಬರೆದವರಲ್ಲಿ ಒಬ್ಬರನ್ನು ಆರಿಸಿ ನಾವು ಕೊಡುವುದು ಒಂದು ದರ್ಜಿಯ ಕತ್ತರಿ. ಮೇಜಿನ ಮೇಲೆ ಕೆಂಪು ಪೆಟ್ಟಿಗೆಯಲ್ಲಿದೆ.

ಜುಲೈ ತಿಂಗಳ ಎರಡನೆಯ ಗುರುವಾರ ಬಿರ್ಥೆ ಒಂದು ಬರಹ ಓದಿದರು. ನಮ್ಮ ಊರಿನ ಎದುರಿನ ದ್ವೀಪಕ್ಕೆ ಸೇತುವೆ ಕಟ್ಟುವ ವಿಷಯ. ಈ ಊರಿನಲ್ಲಿ ಯಾರು ಯಾವ ಕಡೆ ಎಂದು ಮಕ್ಕಳಿಗೂ ಗೊತ್ತು: ಕಾರ್ಮಿಕರ ಪಕ್ಷಕ್ಕೆ ಸೇತುವೆ ಬೇಕು, ರೈತರ ಪಕ್ಷಕ್ಕೆ ಹಳೆಯ ದೋಣಿಯೇ ಇರಬೇಕು. ಆ ಬರಹ ದೋಣಿಯ ಪರ. ಅದರ ಎರಡು ಮಾತು ನನಗೆ ಬಾಯಿಗೆ ಬಂದುಬಿಟ್ಟಿದೆ. "ದೋಣಿಯಲ್ಲಿ ಹನ್ನೊಂದು ನಿಮಿಷ ಯಾರೂ ಯಾರಿಂದಲೂ ತಪ್ಪಿಸಿಕೊಳ್ಳಲಾರರು" ಎಂಬುದೊಂದು. ಇನ್ನೊಂದು ಹೀಗಿದೆ: "ದ್ವೀಪದವರನ್ನು ಕೇಳಿದ್ದೇವೆ ಎಂದು ಪತ್ರಿಕೆಯವರಾದ ನಾವೆಲ್ಲ ಹೇಳುತ್ತ ಬಂದಿದ್ದೇವೆ. ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಸೇತುವೆ ಯಾವಾಗ ಬೇಕು ಎಂದು ಕೇಳಿದ್ದೇನೆ. ಬೇಕೇ ಎಂದು ಒಬ್ಬರನ್ನೂ ಕೇಳಿಲ್ಲ."

ವೆರ್ನರ್ ಕಣ್ಣು ತೆರೆದ.

"ನಮ್ಮ ಕಡೇದು" ಅಂದಳು ಓಸೆ. "ಆದ್ರೆ ನಮ್ಮೋರು ಇಷ್ಟು ಚೆನ್ನಾಗಿ ಬರೆಯಲ್ಲ ಕಣೋ."

ಕೆಳಗಿನ ಪಟ್ಟಿ ಬಿಚ್ಚಿದೆವು. ಆಸ್ಗರ್ ಲುಂಡ್‌ಹೋಲ್ಮ್! ಇಪ್ಪತ್ತೆರಡು ವರ್ಷದಿಂದ ಕಾರ್ಮಿಕರ ವಾರಪತ್ರಿಕೆಯಲ್ಲಿ ಬರೆಯುವವರು, ಸೇತುವೆ ಬೇಕೆಂದೇ ಏಳು ಅಂಕಣ ಬರೆದವರು. ನನಗೆ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇಕೆ. ಅವರು ನನ್ನ ಕಡೆಯವರು. ಮೇಲಿನ ಪಟ್ಟಿಯನ್ನು ನಾವು ಬಿಚ್ಚಲಿಲ್ಲ. ಬಿಚ್ಚುವುದು ಯಾಕೆ, ಆಸ್ಗರ್ ಬರೆಯುವ ಪತ್ರಿಕೆ ಯಾವುದೆಂದು ಯಾರಿಗೆ ತಿಳಿಯದು?

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಪುರಸಭೆಯ ಮಹನೀಯರು ಗಡಿಯಾರ ನೋಡುವುದು ಕಾಣುತ್ತಿದೆ. ಸ್ವಲ್ಪ ತಾಳಬೇಕು.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ಆ ಬರಹಕ್ಕೆ ಚೌಕಟ್ಟು ಹಾಕಲು ಕುಳಿತೆ. ಪಟ್ಟಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಮೇಲಿನದನ್ನೂ ಹಬೆ ಹಿಡಿದು ಬಿಚ್ಚಿದೆ. ಪತ್ರಿಕೆಯ ಹೆಸರಿನ ಕೆಳಗೆ, ತೆಳ್ಳನೆಯ ಅಕ್ಷರದಲ್ಲಿ, ಒಂದು ಸಾಲು ಇತ್ತು. "ಬೇಸಿಗೆಯ ಆಟ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ. ಈ ವಾರದ ಸರದಿ ಆಸ್ಗರ್ ಅವರದು."

ಆಟ! ಸಂಪಾದಕರು ಹೇಳಿ ಬರೆಸಿದ್ದು. ಮೊದಲು ನನ್ನ ಪಟ್ಟಿಗಳು ಒಂದು ಬೆರಳಿನಷ್ಟಿದ್ದವು. ಜೂನ್‌ನಲ್ಲಿ ನಾನು ಅಗಲವಾದ ಹೊಸ ಪಟ್ಟಿ ತಂದಿದ್ದೆ. ಹೆಸರು ಕಾಣಬಾರದೆಂದು ಮುಚ್ಚುವ ನಾನು, ಕಾಣಲೇಬೇಕಾದ ಸಾಲನ್ನೂ ಮುಚ್ಚಿಬಿಟ್ಟಿದ್ದೆ.

ಹನ್ನೊಂದು ಗಂಟೆಗೆ ನಾಲ್ವರೂ ಹಿಂದಿನ ಕೋಣೆಯಲ್ಲಿ ಸೇರಿದೆವು. ಅಲ್ಲಿ ನಡೆದದ್ದನ್ನು ಹೇಳಬಾರದು ಎಂದು ಬಿರ್ಥೆ ಹೇಳಿದ್ದಾರೆ. ಅವರು ಹೇಳುವ ಮೊದಲೇ ಹೇಳಬೇಕೆಂದು ನಾನು ನಿರ್ಧರಿಸಿದ್ದರಿಂದ ಹೇಳುತ್ತೇನೆ.

"ಮುಗೀತು" ಅಂದ ವೆರ್ನರ್. "ಪಾತ್ರ ಮಾಡಿದೋನಿಗೆ ಯುದ್ಧದ ಪದಕ ಕೊಟ್ಟ ಹಾಗಾಯ್ತು. ರದ್ದು ಮಾಡಿ."

"ಮೂರು ಲೇಯರ್ ಕೇಕು ಮಾಡಿದ್ದೀನಿ ಕಣಯ್ಯಾ ನಾನು" ಅಂದಳು ಓಸೆ. "ಅದನ್ನ ಏನು ಹಸೂಗೆ ಹಾಕ್ಲಾ?"

"ಕೇಕಿನ ಪ್ರಶ್ನೆ ಅಲ್ಲ ಓಸೆ."

"ಮತ್ತೇನು ಪ್ರಶ್ನೆ? ಓದಿದಾಗ ನಿಂಗೆ ಎದೆಗೆ ತಾಗ್ಲಿಲ್ವಾ? ಕಣ್ಣು ಬಿಟ್ಟಿದ್ದೆ, ನಾನು ನೋಡ್ದೆ."

"ತಾಗ್ತು. ಅದಕ್ಕೇ ಮೋಸ ಹೋದೆ ಅನ್ಸೋದು."

ಬಿರ್ಥೆ ಕನ್ನಡಕ ಒರೆಸುತ್ತ ಕುಳಿತಿದ್ದರು. "ಎಲ್ನಾ, ನೀನೇ ಅಂಟಿಸಿದ್ದು. ನೀನೇ ಫೋನ್ ಮಾಡಿ ಕೇಳು" ಅಂದರು. ಗ್ರಂಥಪಾಲಕಿಯರ ನ್ಯಾಯ ಹೀಗಿರುತ್ತದೆ.

ಮಾಡಿದೆ. ಆಸ್ಗರ್ ಅವರೇ, ಕ್ಷಮಿಸಿ, ನಿಮ್ಮ ಅಪ್ಪಣೆ ಪಡೆಯದೆ ನಮ್ಮ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ತಪ್ಪಿದ್ದರೆ ತಲೆ ಅಲ್ಲಾಡಿಸಿ.

"ಅದು ಆಟವಂತೆ?" ಅಂದೆ ನಾನು. ನಮಸ್ಕಾರ ಹೇಳಲೂ ಮರೆತಿದ್ದೆ.

"ನಿಮಗೆ ಗೊತ್ತಿರ್ಲಿಲ್ವಾ?" ಅಂದರು. "ಗೊತ್ತಿದ್ದೇ ಕರೆದಿದ್ದೀರಿ ಅಂದ್ಕೊಂಡಿದ್ದೆ. ಅದಕ್ಕೇ ಒಪ್ಕೊಂಡೆ."

"ಯಾರು ಬರೀರಿ ಅಂದ್ರು?"

"ಸಂಪಾದಕರು. ಸಾವಿರ ಪದ, ಸೋಮವಾರದ ಒಳಗೆ. ಶುರು ಮಾಡಿದಾಗ ನಗು ಬರ್ತಿತ್ತು. ಮೂರನೇ ಪ್ಯಾರಾಕ್ಕೆ ಟಿಪ್ಪಣಿ ಪುಸ್ತಕ ತೆಗೆದೆ ನೋಡಿ, ಅಲ್ಲಿಂದ ಆಟ ಎಲ್ಲಿ ಹೋಯ್ತೋ ಗೊತ್ತಿಲ್ಲ. ಮುಂದಿನ ವಾರ ಮತ್ತೆ ನಮ್ಮ ಕಡೆ ಬರೀಬೇಕಿತ್ತು. ಮೂರು ದಿನ ಕೂತೆ. ಬರ್ಲಿಲ್ಲ. ಇವತ್ತಿನವರೆಗೂ ಬಂದಿಲ್ಲ."

"ಹಾಗಾದ್ರೆ ಈಗ ನಿಮಗೆ ಸೇತುವೆ ಬೇಕೋ ಬೇಡ್ವೋ?"

"ಬೆಳಿಗ್ಗೆ ಬೇಕು ಅನ್ಸುತ್ತೆ, ಎಲ್ನಾ ಅವರೇ. ಸಂಜೆ ದೋಣಿ ಸದ್ದು ಕೇಳಿದ್ರೆ ಬೇಡ ಅನ್ಸುತ್ತೆ. ಬರ್ಲಾ, ಬೇಡ್ವಾ?"

ಈಗ ನೀವೇ ಹೇಳಿ, ನಾನೇನು ಹೇಳಬೇಕಿತ್ತು? ತನ್ನ ಕಡೆಯಿಂದ ಬಿಡಿಸಿಕೊಂಡವರೇ ಇವರು? ಅಥವಾ ಬಿಡಿಸಿಕೊಂಡವರಂತೆ ನಟಿಸಿ ಸಿಕ್ಕಿಹಾಕಿಕೊಂಡವರೇ? ಹೇಳಿಸಿದ ಮಾತು ಮನಸ್ಸಿನ ಮಾತಾಗುವುದು ಯಾವ ಸಾಲಿನಲ್ಲಿ? ನನಗೆ ಗೊತ್ತಿಲ್ಲ. "ಬನ್ನಿ, ಕೇಕು ಇದೆ" ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ಹೊಳೆಯಿತು: ನಾನು ಅವರನ್ನು ಕೇಳಿದ್ದು ತಪ್ಪು ಪ್ರಶ್ನೆ. ಯಾರು ಬರೀರಿ ಅಂದ್ರು ಎಂದು ಕೇಳಿದೆ. ಅದು ತಪ್ಪು ಪ್ರಶ್ನೆ ಎಂದು ನನಗೆ ನಲವತ್ತೈದು ವರ್ಷದಿಂದ ಗೊತ್ತು.

ಮೊದಲ ಭಾಷಣದ ವಿಷಯ ಬೇಡ ಎಂದಿದ್ದೆ. ಈಗ ಹೇಳದೆ ಮುಂದೆ ಹೋಗಲಾಗುವುದಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ನಾವು ಪ್ಯಾಕಿಂಗ್ ಹಾಲಿನ ಹೆಂಗಸರು ಮುಷ್ಕರ ಹೂಡಿದ್ದೆವು. ಶೀತಲ ಕೋಣೆಯಲ್ಲಿ ಪಾಳಿ ಕಡಿಮೆ ಮಾಡಿ, ಬೆರಳು ಸೆಟೆದುಹೋಗುತ್ತಿದೆ ಎಂಬುದು ನಮ್ಮ ಬೇಡಿಕೆ. ಐದನೆಯ ವಾರಕ್ಕೆ ಕಾರ್ಖಾನೆ ಅರ್ಧ ಒಪ್ಪಿತು. ಒಪ್ಪಂದ ಬೇಡ, ಮುಷ್ಕರ ಮುಂದುವರಿಯಬೇಕು ಎಂದು ನಮ್ಮ ಸಂಘದ ಮುಂದಾಳು ಡಾಗ್ನಿಯ ಹಟ. ನಮ್ಮೆಲ್ಲರ ಹಟವೂ ಅದೇ, ಅಥವಾ ಅದೇ ಎಂದು ನಾವು ತಿಳಿದಿದ್ದೆವು. ಸಭೆಯ ಹಿಂದಿನ ದಿನ ಡಾಗ್ನಿ ನಮ್ಮ ಮನೆಗೆ ಬಂದಳು.

"ಎಲ್ನಾ, ನಾಳೆ ಯಾರಾದ್ರೂ ಒಪ್ಪಂದದ ಪರ ಮಾತಾಡ್ಬೇಕು ಕಣೇ. ಇಲ್ದಿದ್ರೆ ಗಂಡಸರ ಸಂಘದೋರು, ಹೆಂಗಸರು ಚರ್ಚೆನೇ ಮಾಡ್ಲಿಲ್ಲ, ಕೂಗಿ ಕೈ ಎತ್ತಿದ್ರು ಅಂತಾರೆ. ನಿಂಗೆ ದನಿ ಇದೆ. ಹತ್ತು ನಿಮಿಷ ಮಾತಾಡಿ ಕೂತ್ಕೋ. ಆಮೇಲೆ ನಾವು ಮತಕ್ಕೆ ಹಾಕಿ ಸೋಲಿಸ್ತೀವಿ."

"ನಂಗೆ ಮಾತು ಬರಲ್ಲ ಡಾಗ್ನಿ."

"ಬರೋದು ಬೇಡ. ಬಂದ್ರೇ ಕಷ್ಟ."

ಅವಳು ನಕ್ಕಳು. ನಾನೂ ನಕ್ಕೆ. ಸಕ್ಕರೆ ಚೀಲದ ಹಿಂಬದಿಯಲ್ಲಿ ಬರೆದುಕೊಂಡೆ. ಏನು ಬರೆಯಬೇಕೆಂದು ತೋಚದೆ, ಐದು ವಾರದಿಂದ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಯೋಚಿಸಿದೆ. ನನ್ನ ಗಂಡನಿಗೆ ಬಂದರಿನಲ್ಲಿ ಕೆಲಸವಿತ್ತು. ಡಾಗ್ನಿಯ ಗಂಡನಿಗೂ ಇತ್ತು. ನನ್ನ ಪಕ್ಕದ ಬೆಲ್ಟಿನಲ್ಲಿ ನಿಲ್ಲುತ್ತಿದ್ದ ಸಿಗ್ರಿದ್‌ಗೆ ಗಂಡ ಇರಲಿಲ್ಲ, ಮೂರು ಮಕ್ಕಳಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದೇವೆ ಎಂದು ನಾವೆಲ್ಲ ತಿಳಿದಿದ್ದೆವು.

ಸಭೆಯಲ್ಲಿ ಎದ್ದು ನಿಂತೆ. ಈ ಸಭಾಂಗಣದಲ್ಲೇ, ಆ ಕಿಟಕಿಯ ಹತ್ತಿರ. ಆಮೇಲೆ ಒಂದು ವಿಚಿತ್ರವಾಯಿತು. ಮುಷ್ಕರ ಮುಂದುವರಿಸುವವರು ಯಾರ ಅನ್ನದಿಂದ ಮುಂದುವರಿಸುತ್ತಾರೆ, ಅರ್ಧ ಸಿಕ್ಕಿರುವಾಗ ಆ ಅರ್ಧದಿಂದ ಯಾರ ಬೆರಳು ಉಳಿಯುತ್ತದೆ ಎಂದು ಹೇಳುತ್ತ ಹೇಳುತ್ತ, ಇದು ನಿಜ ಎಂದು ನನಗೇ ಅನ್ನಿಸತೊಡಗಿತು. ಚೀಲ ನೋಡುವುದು ಬಿಟ್ಟೆ. ಸಿಗ್ರಿದ್‌ಳ ಕಡೆ ನೋಡುತ್ತ ಮಾತಾಡಿದೆ. ಹತ್ತು ನಿಮಿಷ ದಾಟಿತು. ಡಾಗ್ನಿ ಪೆನ್ನಿನಿಂದ ಮೇಜು ಕುಟ್ಟಿದಳು. ಕೂತೆ.

ಮತಕ್ಕೆ ಹಾಕಿದರು. ಒಪ್ಪಂದದ ಪರ ಒಂದು ಕೈ ಮೇಲೆದ್ದಿತು. ಸಿಗ್ರಿದ್‌ಳದು. ಅವಳು ಕೈ ಎತ್ತಿ ತಿರುಗಿ ನನ್ನ ಕಡೆ ನೋಡಿದಳು, ನನ್ನ ಕೈಯೂ ಎದ್ದಿರುತ್ತದೆ ಎಂದು.

ಮುಷ್ಕರ ಇನ್ನೂ ಮೂರು ವಾರ ನಡೆದು ಅದೇ ಅರ್ಧಕ್ಕೆ ಮುಗಿಯಿತು. ನಮ್ಮ ಊಟದ ಕೋಣೆಯ ಗೋಡೆಗೆ ಸಾಲಾಗಿ ಕೊಕ್ಕೆಗಳಿದ್ದವು, ಒಬ್ಬೊಬ್ಬರಿಗೂ ಒಂದೊಂದು ಕೊಕ್ಕೆ, ಒಂದೊಂದು ಕಾಫಿ ಕಪ್ಪು. ಕೆಲಸಕ್ಕೆ ಮರಳಿದ ದಿನ ಸಿಗ್ರಿದ್‌ಳ ಕಪ್ಪು ನೆಲದ ಮೇಲಿತ್ತು. ಅವಳು ಎತ್ತಿ ತೊಳೆದು ಕೊಕ್ಕೆಗೆ ಹಾಕಿದಳು. ಮರುದಿನ ಮತ್ತೆ ನೆಲದ ಮೇಲೆ. ನನ್ನ ಕಪ್ಪು ಮಾತ್ರ ಕೊಕ್ಕೆಯಲ್ಲೇ ಇತ್ತು. ಚೆನ್ನಾಗಿ ಮಾಡಿದೆ ಕಣೇ, ನಾವೂ ಒಂದು ಗಳಿಗೆ ನಂಬಿಬಿಟ್ಟೆವು ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ಸೆಪ್ಟೆಂಬರ್ ಪೂರ್ತಿ ಅವಳು ಆ ಕಪ್ಪನ್ನು ಬಗ್ಗಿ ಬಗ್ಗಿ ಎತ್ತಿದಳು. ನಾನು ಒಮ್ಮೆಯೂ ಎತ್ತಿಕೊಡಲಿಲ್ಲ. ನೋಡುತ್ತಿದ್ದೆ, ಸಭಿಕರೇ. ಬ್ರೆಡ್ಡು ತಿನ್ನುತ್ತ ನೋಡುತ್ತಿದ್ದೆ.

ಅಕ್ಟೋಬರ್‌ನಲ್ಲಿ ಅವಳು ಊರು ಬಿಟ್ಟಳು. ಸ್ಟೇಷನ್ನಿಗೆ ಹೋಗಿದ್ದೆ. ಮಕ್ಕಳು ಪೆಟ್ಟಿಗೆಗಳ ಮೇಲೆ ಕುಳಿತಿದ್ದವು.

"ನೀನು ಅವತ್ತು ಹೇಳಿದ್ದು ನಿಜ ತಾನೇ ಎಲ್ನಾ?"

"ಹಾಗೆ ಮಾತಾಡು ಅಂತ ನಂಗೆ ಡಾಗ್ನಿ ಹೇಳಿದ್ಲು."

"ಅದು ನಾನು ಕೇಳಿದ್ದಲ್ಲ."

ರೈಲು ಬಂತು. ನಾನು ಮಕ್ಕಳ ಪೆಟ್ಟಿಗೆಗಳನ್ನು ಒಳಗೆ ಎತ್ತಿಕೊಟ್ಟೆ. ಎರಡು ವರ್ಷ ಹೊಸ ವರ್ಷಕ್ಕೆ ಕಾರ್ಡು ಕಳಿಸಿದೆ, ಮೂರನೆಯದು ವಿಳಾಸ ಇಲ್ಲವೆಂದು ವಾಪಸು ಬಂತು.

ನಾನು ಹನ್ನೊಂದು ವರ್ಷದಿಂದ ಕತ್ತರಿ ಹಿಡಿದು ಯಾರನ್ನು ಹುಡುಕುತ್ತಿದ್ದೇನೆ ಎಂದು ನನ್ನ ಮಗ ಕೇಳುತ್ತಾನೆ. ಪ್ರಜಾಪ್ರಭುತ್ವಕ್ಕೆ ಇದು ಒಳ್ಳೆಯದಪ್ಪಾ ಎನ್ನುತ್ತೇನೆ. ಬಿರ್ಥೆ ಹಾಗೆ ಹೇಳಿಕೊಟ್ಟಿದ್ದಾರೆ. ಒಳ್ಳೆಯದೇ ಇರಬೇಕು.

ಎಲ್ಲಿದ್ದೆ? ಹೌದು, ಕತ್ತರಿ. ಕೊಡುವುದೋ ಬೇಡವೋ. ವೆರ್ನರ್ ಬೇಡ ಎನ್ನುತ್ತಾನೆ, ಓಸೆ ಬೇಕು ಎನ್ನುತ್ತಾಳೆ, ಅಧ್ಯಕ್ಷರು ನನ್ನ ಮೇಲೆ ಬಿಟ್ಟಿದ್ದಾರೆ. ಬೆಳಗಿನಿಂದ ನಾಲ್ಕು ಸಲ ಮನಸ್ಸು ಬದಲಿಸಿದ್ದೇನೆ, ಅದರಲ್ಲಿ ಒಂದು ಸಲ ಈ ಭಾಷಣ ಶುರು ಮಾಡಿದ ಮೇಲೆ. ವೆರ್ನರ್ ಹೇಳುವುದರಲ್ಲಿ ನ್ಯಾಯವಿದೆ. ನಮ್ಮ ನಿಯಮದ ಪ್ರಕಾರ ತಾನಾಗಿ ಎದ್ದು ನಿಂತವರಿಗೆ ಇದು ಸಲ್ಲಬೇಕು. ಆಸ್ಗರ್ ಅವರು ತಾವಾಗಿ ಎದ್ದವರಲ್ಲ, ಎಬ್ಬಿಸಿ ನಿಲ್ಲಿಸಿದವರು. ಆದರೆ ಸಭಿಕರೇ, ಎಬ್ಬಿಸಿ ನಿಲ್ಲಿಸಿದ ಮೇಲೆ ಅವರು ಮತ್ತೆ ಕೂರಲಿಲ್ಲವಲ್ಲ! ಅದು ಬರೀ ಆಟವಾಗಿತ್ತು ಎಂದು ಮುಂದಿನ ವಾರ ತಾವೇ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಅವರ ಕಪ್ಪು ಕೊಕ್ಕೆಯಲ್ಲೇ ಇರುತ್ತಿತ್ತು. ಜುಲೈಯಿಂದ ಅವರು ಆ ಸಾಲನ್ನು ಬರೆದಿಲ್ಲ. ಪಕ್ಷದ ಕಚೇರಿಗೆ ಅವರು ಹೋದರೆ ಅಲ್ಲಿದ್ದವರ ಮಾತು ನಿಲ್ಲುತ್ತದೆ. ಇದನ್ನು ಅವರು ಹೇಳಿದ್ದಲ್ಲ, ಪಕ್ಷದ ಕಚೇರಿಯಲ್ಲಿ ಇದ್ದವಳು ನಾನು, ನಿಲ್ಲುವುದನ್ನು ಕೇಳಿದ್ದೇನೆ. ನಾನೂ ನಿಲ್ಲಿಸಿದ್ದೇನೆ ಎಂಬುದನ್ನು ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ, ಅವರನ್ನು ಆರಿಸಿಯಾದ ಮೇಲೆ. ಅವರು ಒಳಗೆ ಬಂದರು, ಎಲ್ಲರೂ ಸುಮ್ಮನಾದರು, ನಾನೂ ಸುಮ್ಮನಾದೆ. ಎಲ್ಲರೂ ಸುಮ್ಮನಿರುವಾಗ ಒಬ್ಬಳೇ ಮಾತಾಡುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲವೇ?

ಆಸ್ಗರ್ ಅವರೇ, ಎದ್ದು ಬನ್ನಿ. ಕೋಟು ಹಾಕಿಕೊಂಡೇ ಬನ್ನಿ, ಪರವಾಗಿಲ್ಲ. ಈ ಕತ್ತರಿಯನ್ನು ಬರಹಕ್ಕಾಗಿ ಕೊಡುತ್ತಿದ್ದೇನೋ, ಬರೆಯದೆ ಬಿಟ್ಟ ಆ ಸಾಲಿಗಾಗಿ ಕೊಡುತ್ತಿದ್ದೇನೋ ನನಗೆ ಸ್ಪಷ್ಟವಿಲ್ಲ. ಸೇತುವೆ ಬೇಕೆಂದು ನಾಳೆ ನೀವು ಮತ್ತೆ ಬರೆದರೂ ಇದನ್ನು ವಾಪಸು ಕೇಳುವುದಿಲ್ಲ. ಕೇಳಿದರೆ ವೆರ್ನರ್ ಕೇಳಬಹುದು, ಕೊಡಬೇಡಿ. ಜೋಪಾನ, ತುದಿ ಚೂಪಾಗಿದೆ. ಚೌಕಟ್ಟು ಹಾಕಿದ ಬರಹವೂ ಇಲ್ಲಿದೆ. ಮೇಲಿನ ಸಾಲನ್ನು ಮುಚ್ಚದೆ ಹಾಕಿದ್ದೇನೆ. ಓದಿದವರು ಏನು ಬೇಕಾದರೂ ತಿಳಿದುಕೊಳ್ಳಲಿ.

ಚಪ್ಪಾಳೆ ಸಾಕು. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಬರುತ್ತಿದೆ. ನನ್ನ ಮಾತು ತಪ್ಪಿದ್ದಲ್ಲಿ ಕ್ಷಮಿಸಿ, ಉದ್ದವಾದದ್ದಕ್ಕೂ ಕ್ಷಮಿಸಿ. ಸಭಾಂಗಣವನ್ನು ಬೆಚ್ಚಗಿಟ್ಟ ಬಿರ್ಥೆಗೆ, ಕೇಕು ಮಾಡಿದ ಓಸೆಗೆ, ಕೊನೆಯ ತನಕ ಒಪ್ಪದೆಯೂ ಎದ್ದು ಹೋಗದ ವೆರ್ನರ್‌ಗೆ, ಕುಳಿತು ಕೇಳಿದ ನಿಮಗೆಲ್ಲ ನಾನು ಋಣಿ.

ಕೂರುವ ಮೊದಲು ಅಧ್ಯಕ್ಷರಲ್ಲಿ ಒಂದೇ ಒಂದು ಕೋರಿಕೆ. ನಮ್ಮ ಹಳೆಯ ಸಂಘದ ನಡಾವಳಿ ಪುಸ್ತಕ ಗ್ರಂಥಾಲಯದ ನೆಲಮಾಳಿಗೆಯ ಬೀರುವಿನಲ್ಲಿದೆ. ಹೋದ ಚಳಿಗಾಲ ನೀವು ಅದನ್ನು ತೆರೆದಿದ್ದಿರಿ, ಎಪ್ಪತ್ತನಾಲ್ಕರ ಆ ಸಭೆಗೆ ಮತ ಹಾಕಲು ಸಹಿ ಮಾಡಿದವರು ಎಂಬತ್ತನಾಲ್ಕು ಎಂದು ನನಗೆ ಹೇಳಿದ್ದಿರಿ. ಪರ ಒಂದು. ವಿರೋಧ ಎಷ್ಟು ಎಂದು ನಾನು ಕೇಳಿದಾಗ, ಡಾಗ್ನಿಯ ಅಕ್ಷರ ಸರಿ ಇಲ್ಲ, ಎಂಬತ್ತೆರಡೋ ಎಂಬತ್ತಮೂರೋ ಇರಬೇಕು ಎಂದು ಪುಸ್ತಕ ಮುಚ್ಚಿದಿರಿ. ನಾನು ಮತ್ತೆ ಕೇಳಲಿಲ್ಲ.

ವಿರೋಧದವರು ಕೈ ಎತ್ತಿ ಎಂದಾಗ ನನ್ನ ಕೈ ಎಲ್ಲಿತ್ತು ಎಂದು ನನಗೆ ನೆನಪಿಲ್ಲ. ಗಂಡನಿಗೆ ಎತ್ತಿದೆ ಎಂದು ಹೇಳಿದ್ದೆ. ಮಗನಿಗೆ ಎತ್ತಲಿಲ್ಲ ಎಂದು ಹೇಳಿದ್ದೇನೆ. ಎರಡನ್ನೂ ಹೇಳುವಾಗ ನಿಜವೆಂದೇ ಅನ್ನಿಸಿತ್ತು. ಎಂಬತ್ತಮೂರು ಎಂದಿದ್ದರೆ ಎಲ್ಲರ ಜೊತೆ ನನ್ನ ಕೈಯೂ ಮೇಲಿತ್ತು. ಎಂಬತ್ತೆರಡು ಎಂದಿದ್ದರೆ ಒಬ್ಬಳು ಯಾವ ಕಡೆಗೂ ಎತ್ತಲಿಲ್ಲ. ಅದು ಹೆಚ್ಚೇನಲ್ಲ, ಸಿಗ್ರಿದ್ ತಿರುಗಿ ನೋಡಿದಾಗ ಅವಳಿಗೆ ಅದೂ ಕಾಣಲಿಲ್ಲ. ಆದರೂ ತಿಳಿದುಕೊಳ್ಳಬೇಕು.

ಕಾಫಿ ಕುಡಿದಾದ ಮೇಲೆ, ಅವಸರವಿಲ್ಲ, ಬೀಗದ ಕೈ ತೆಗೆದುಕೊಂಡು ಆ ಪುಟವನ್ನು ಬೆಳಕಿಗೆ ಹಿಡಿದು ಆ ಒಂದು ಅಂಕಿಯನ್ನು ಇನ್ನೊಮ್ಮೆ ನೋಡಿ ಹೇಳುತ್ತೀರಾ, ಬಿರ್ಥೆ? ನಾನು ಬಾಗಿಲ ಹತ್ತಿರವೇ ಇರುತ್ತೇನೆ.

ಎಲ್ಲರಿಗೂ ನಮಸ್ಕಾರ.